ಉದ್ದ ಕೂದಲಿನ ನಾಯಿಗೆ ಅಂಟುವಾಳವೋ, ಸೀಗೆಯೋ, ಬಾಟಲಿ ಶಾಂಪೂವೋ?

ಮೊದಲೇ ಹೇಳಿಬಿಡುತ್ತೇನೆ. ಕಾರವಾರದಂಥ ಊರಲ್ಲಿ ಉದ್ದ ಕೂದಲಿನ ನಾಯಿ ಸಾಕಿದವರಿಗೆ ಯಾವ ಶಾಂಪೂ ಅನ್ನೋದಕ್ಕಿಂತ ಯಾವ ಬಾಚಣಿಗೆ ಅನ್ನೋದೇ ದೊಡ್ಡ ಪ್ರಶ್ನೆ. ದಿನಾ ಬುಡದ ತನಕ ಬಾಚಿದರೆ ಸ್ನಾನವೇ ಅಪರೂಪಕ್ಕೆ ಸಾಕು. ನೀರು ಉಳಿಯುತ್ತದೆ, ಶಾಂಪೂ ಉಳಿಯುತ್ತದೆ, ನಾಯಿಯ ಚರ್ಮವೂ ಉಳಿಯುತ್ತದೆ. ಆದರೂ ತೊಳೆಯದೆ ಇರಲು ಆಗುವುದಿಲ್ಲ. ಕಡಲ ತೀರಕ್ಕೆ ಹೋಗಿ ಬಂದರೆ ಹೊಟ್ಟೆಯ ಕೂದಲಿಗೆ ಉಪ್ಪು, ಮರಳು ಅಂಟಿಕೊಂಡು ಅಲ್ಲೇ ಸಿಕ್ಕು ಶುರುವಾಗುತ್ತದೆ.

ನಮ್ಮದು ಲಾಸಾ ಆಪ್ಸೋ, ಹೆಸರು ಚಿನ್ನಿ. ಬಹುಪಾಲು ಬಿಳಿ, ಕಿವಿ ಮಾತ್ರ ಕಂದು. ಬಿಳಿ ಅನ್ನೋದು ಮುಂದೆ ಮುಖ್ಯವಾಗುತ್ತದೆ, ನೆನಪಿಡಿ. ನಾನು ಇಷ್ಟೆಲ್ಲ ಹೋಲಿಸಿ ನೋಡಿದ್ದಕ್ಕೆ ಕಾರಣ ಇದೆ. ನಮ್ಮ ಬಚ್ಚಲ ನೀರು ಸೀದಾ ಹಿತ್ತಲ ಬಾಳೆ, ತೆಂಗಿನ ಬುಡಕ್ಕೆ ಹೋಗುತ್ತದೆ, ಬಾವಿಯೂ ಅಲ್ಲಿಂದ ದೂರವೇನಿಲ್ಲ. ನಾಯಿಯ ಮೈಗೆ ಹಾಕಿದ್ದು ನಾಳೆ ನಮ್ಮ ಮಣ್ಣಿಗೆ, ನಾಡಿದ್ದು ಬಾವಿಗೆ ಅಲ್ವಾ?

ಮೊದಲು ಅಂಟುವಾಳ. ಚಿನ್ನ, ರೇಷ್ಮೆ ಸೀರೆ ತೊಳೆಯಲು ನಮ್ಮ ಕಡೆ ಈಗಲೂ ಬಳಸುತ್ತಾರೆ. ಬೀಜ ತೆಗೆದ ಸಿಪ್ಪೆಯನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಕುದಿಸಿ, ಆರಿಸಿ, ಹಳೆ ಪಂಚೆಯಲ್ಲಿ ಸೋಸಿದರೆ ಸಾಕು. ನೊರೆ ಬಾಟಲಿ ಶಾಂಪೂವಿನಷ್ಟು ಬರುವುದಿಲ್ಲ, ಆದರೆ ಕೊಳೆ, ಜಿಡ್ಡು ಎರಡೂ ಚೆನ್ನಾಗಿ ಬಿಡುತ್ತದೆ, ಬೇಗ ತೊಳೆದೂ ಹೋಗುತ್ತದೆ. ಮೂರರಲ್ಲಿ ಅತಿ ಅಗ್ಗದ್ದೂ ಇದೇ. ತೊಂದರೆ ಎರಡು. ಕಣ್ಣಿಗೆ ಬಿದ್ದರೆ ಭಯಂಕರ ಉರಿ, ಹಾಗಾಗಿ ಮುಖಕ್ಕೆ ನಾನು ಬರೀ ಒದ್ದೆ ಬಟ್ಟೆ ಬಳಸುತ್ತೇನೆ. ಇನ್ನೊಂದು, ಒಣಗಿದ ಮೇಲೆ ಉದ್ದ ಕೂದಲು ಒರಟಾಗುತ್ತದೆ, ಒಂದಕ್ಕೊಂದು ಹೆಣೆದುಕೊಳ್ಳುತ್ತದೆ. ಗಾಣದ ಕೊಬ್ಬರಿ ಎಣ್ಣೆ ಎರಡು ಹನಿ ಅಂಗೈಗೆ ಉಜ್ಜಿ ತುದಿಗೆ ಮಾತ್ರ ಸವರಿದರೆ ಸರಿಹೋಗುತ್ತದೆ. ಜಾಸ್ತಿ ಹಾಕಿದರೆ ಧೂಳು ಹಿಡಿಯುತ್ತದೆ, ನಾಯಿ ನೆಕ್ಕಿ ನೆಕ್ಕಿ ಹೊಟ್ಟೆ ಕೆಡಿಸಿಕೊಳ್ಳುತ್ತದೆ. ಕುದಿಸಿದ ನೀರು ಎರಡು ಮೂರು ದಿನಕ್ಕೆ ಹುಳಿ ವಾಸನೆ ಬರುತ್ತದೆ, ಆವತ್ತಿನದು ಆವತ್ತೇ ಮಾಡಿಕೊಳ್ಳಿ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಗಿಡದ್ದು ಅಂತ ಹಳ್ಳದಲ್ಲೋ ಕೆರೆಯಲ್ಲೋ ನಾಯಿಯನ್ನು ನಿಲ್ಲಿಸಿ ಅಂಟುವಾಳ ಹಾಕಿ ತೊಳೆಯಬೇಡಿ. ಅದರ ನೊರೆಗೆ ಕಾರಣವಾದ ಸಪೋನಿನ್ ಮೀನಿನ ಕಿವಿರಿಗೆ ವಿಷ. ಹಿಂದೆ ಇಂಥ ಕಾಯಿಗಳನ್ನೇ ಜಜ್ಜಿ ನೀರಿಗೆ ಹಾಕಿ ಮೀನು ಹಿಡಿಯುತ್ತಿದ್ದರು. ಮಣ್ಣಿಗೆ ಬಿದ್ದರೆ ಕೊಳೆತು ಹೋಗುತ್ತದೆ, ಅದಕ್ಕೇ ಬಾಳೆ ಬುಡ ಸರಿಯಾದ ಜಾಗ. ಅಘನಾಶಿನಿ ಅಳಿವೆಯಲ್ಲಿ ಚಿಪ್ಪಿಕಲ್ಲು ಹೆಕ್ಕಿ ಬದುಕುವ ಮನೆಗಳು ಎಷ್ಟಿವೆ, ಆ ನೀರಿಗೆ ನಮ್ಮ ನಾಯಿಯ ನೊರೆ ಸೇರುವುದು ಬೇಡ.

ಸೀಗೆಕಾಯಿ ಅಂಟುವಾಳಕ್ಕಿಂತ ಮೃದು. ಅದರಲ್ಲಿ ತೊಳೆದ ಕೂದಲು ಬಾಚಲು ಸಲೀಸು, ಎಣ್ಣೆಯೂ ಬೇಕಾಗುವುದಿಲ್ಲ. ಆದರೆ ಪುಡಿ ಹಾಕಬೇಡಿ. ಒತ್ತು ಕೂದಲಿನ ಒಳಗೆ ಹೋದ ಪುಡಿ ಎಷ್ಟು ನೀರು ಹೊಯ್ದರೂ ಪೂರ್ತಿ ಬರುವುದಿಲ್ಲ, ಒಣಗಿದ ಮೇಲೆ ಚರ್ಮದ ಮೇಲೆ ಕೂತು ತುರಿಕೆ ಶುರು. ಕಾಯಿ ಕುದಿಸಿ ಸೋಸಿದ ನೀರೇ ಆಗಬೇಕು. ಹಾಗೆ ಮಾಡಿದರೂ ಚಿನ್ನಿಯ ಬಿಳಿ ಕಾಲಿಗೆ ಚಹಾ ಚೆಲ್ಲಿದ ಹಾಗೆ ಕಂದು ಛಾಯೆ ಬಂತು, ಹೋಗಲು ವಾರಗಟ್ಟಲೆ ಹಿಡಿಯಿತು. ನಿಮ್ಮದು ಕಪ್ಪು ಅಥವಾ ಕಂದು ನಾಯಿಯಾಗಿದ್ದರೆ ನಾನು ಕಣ್ಣುಮುಚ್ಚಿ ಸೀಗೆಯನ್ನೇ ಹೇಳುತ್ತೇನೆ. ಬಿಳಿಗೆ ಬೇಡ.

ಶಿರಸಿಯಲ್ಲಿರುವ ಆಯಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದಾಗ ಅವಳದು ಒಂದೇ ಮಾತು: "ಗೊಂಪು ಹಾಕಿ ತೊಳಿಯೇ ಕೂಸೆ, ಎಂತೂ ಆಗ್ತಿಲ್ಲೆ." ಗೊಂಪು ಅಂದರೆ ದಾಸವಾಳದ ಎಲೆ ನೀರಲ್ಲಿ ಕಿವುಚಿ ತೆಗೆದ ಲೋಳೆ. ಘಟ್ಟದ ಮೇಲೆ ಎಣ್ಣೆ ಸ್ನಾನಕ್ಕೆ ತಲೆಗೆ ಹಾಕುವುದು ಅದನ್ನೇ. ನಾಯಿಗೆ ಹಾಕಿ ನೋಡಿದೆ. ಕೊಳೆ ತೆಗೆಯುವುದರಲ್ಲಿ ಹಿಂದೆ, ಆದರೆ ಸಿಕ್ಕು ಬಿಡಿಸಲು ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಕಿವಿಯ ಹಿಂದೆ ಗಂಟು ಕಟ್ಟಿರುತ್ತದಲ್ಲ, ಅಲ್ಲಿಗೆ ಸೋಸಿದ ಗೊಂಪು ಹಚ್ಚಿ ಸ್ವಲ್ಪ ಹೊತ್ತು ಬಿಡಿ. ಆಮೇಲೆ ಗಂಟಿಗೂ ಚರ್ಮಕ್ಕೂ ನಡುವೆ ಕೂದಲನ್ನು ಎರಡು ಬೆರಳಲ್ಲಿ ಗಟ್ಟಿಯಾಗಿ ಹಿಡಿದುಕೊಂಡು, ಗಂಟನ್ನು ಬೆರಳ ತುದಿಯಿಂದಲೇ ಎರಡು ಪಾಲು, ನಾಲ್ಕು ಪಾಲು ಮಾಡುತ್ತಾ ಬಂದು, ಕೊನೆಗೆ ಬಾಚಣಿಗೆಯ ಕೊನೆಯ ಎರಡು ಹಲ್ಲಿನಿಂದ ತುದಿಯಿಂದ ಬುಡದ ಕಡೆಗೆ ಬಿಡಿಸಬೇಕು. ಚರ್ಮ ಜಗ್ಗದಿದ್ದರೆ ನಾಯಿ ಸುಮ್ನೆ ಮಲಗಿರುತ್ತದೆ. ಕತ್ತರಿ ಹಾಕುವ ಪ್ರಮೇಯ ನಮ್ಮಲ್ಲಿ ತುಂಬ ಕಡಿಮೆಯಾಗಿದೆ. ಎಲೆಯ ಚೂರು ಉಳಿಯದ ಹಾಗೆ ಬಟ್ಟೆಯಲ್ಲೇ ಸೋಸಿ, ಜರಡಿ ಸಾಲದು.

ಬಾಟಲಿ ಶಾಂಪೂ ಬಗ್ಗೆ ನನಗೆ ಸಿಟ್ಟಿಲ್ಲ. ಮನುಷ್ಯರ ಚರ್ಮಕ್ಕಿಂತ ನಾಯಿಯ ಚರ್ಮ ಕಡಿಮೆ ಆಮ್ಲೀಯ, ಹಾಗಾಗಿ ನಮ್ಮ ಶಾಂಪೂ ಹಾಕುವ ಬದಲು ನಾಯಿಗೆಂದೇ ಮಾಡಿದ್ದು ಎಷ್ಟೋ ವಾಸಿ. ಆದರೆ ಬಾಟಲಿಯ ಮುಂದಿನ ಹಸಿರು ಎಲೆಯ ಚಿತ್ರ ನೋಡಿ ಕೊಳ್ಳಬೇಡಿ, ಹಿಂದಿನ ಸಣ್ಣ ಅಕ್ಷರ ಓದಿ. ಡೆಸೈಲ್ ಗ್ಲುಕೋಸೈಡ್, ಕೋಕೋ ಗ್ಲುಕೋಸೈಡ್ ಅಂತಿದ್ದರೆ ಬೇಗ ಕೊಳೆತು ಹೋಗುವ ಜಾತಿ. ಲಾರಿಲ್ ಸಲ್ಫೇಟ್ ಇದ್ದರೆ ವಾಪಸ್ ಇಡಿ, ಚರ್ಮ ಒಣಗಿಸುತ್ತದೆ. ಟೀ ಟ್ರೀ ಎಣ್ಣೆ ಅಂತಿದ್ದರೂ ವಾಪಸ್ ಇಡಿ, ನಾಯಿಗೂ ಬೆಕ್ಕಿಗೂ ಅದು ವಿಷವಾಗಬಲ್ಲದು. ಬೆಲೆ ಜಾಸ್ತಿ, ಪ್ಲಾಸ್ಟಿಕ್ ಬೇರೆ. ಆದರೂ ಜುಲೈ ತಿಂಗಳ ಜಡಿಮಳೆಯಲ್ಲಿ, ಒಲೆಯ ಮುಂದೆ ನಿಂತು ಕಾಯಿ ಕುದಿಸಲು ಪುರುಸೊತ್ತಿಲ್ಲದ ದಿನ, ನಾನು ಇದನ್ನೇ ನೀರಿಗೆ ಬೆರೆಸಿ ತೆಳ್ಳಗೆ ಮಾಡಿ ಬಳಸುತ್ತೇನೆ. ಸೋಪಿನ ಬಿಲ್ಲೆ ಮಾತ್ರ ಬೇಡವೇ ಬೇಡ. ಸೋಪು ಕ್ಷಾರ, ಅದರಲ್ಲೂ ಏಪ್ರಿಲ್, ಮೇನಲ್ಲಿ ತೀರದ ಬಾವಿ ನೀರು ಸವಳಾದಾಗ ನೊರೆಯೇ ಬರದೆ ಉದ್ದ ಕೂದಲಿಗೆ ಮೇಣದಂತೆ ಮೆತ್ತಿಕೊಳ್ಳುತ್ತದೆ.

ಇನ್ನು ಬಾಚಣಿಗೆ. ಬೇವಿನ ಮರದ್ದು ನೋಡಲು ಚೆಂದ, ಪ್ಲಾಸ್ಟಿಕ್ ಅಲ್ಲ ಅನ್ನೋ ಸಮಾಧಾನ. ಆದರೆ ಹಲ್ಲು ದಪ್ಪ, ಮೇಲಿನ ಕೂದಲು ನುಣ್ಣಗಾಗುತ್ತದೆ, ಒಳಗೆ ಗಂಟು ಹಾಗೇ ಇರುತ್ತದೆ. ಪರೀಕ್ಷೆ ಸುಲಭ: ಮರದ್ದರಲ್ಲಿ ಬಾಚಿ ಮುಗಿಸಿದ ಜಾಗಕ್ಕೆ ಸ್ಟೀಲ್ ಬಾಚಣಿಗೆ ಹಾಕಿ ನೋಡಿ, ತೊಡೆಯ ಹಿಂದೆ, ಕಂಕುಳಲ್ಲಿ ತಟ್ಟನೆ ನಿಲ್ಲುತ್ತದೆ. ಮಳೆಗಾಲದಲ್ಲಿ ಮರಕ್ಕೆ ಬೂಷ್ಟೂ ಹಿಡಿಯುತ್ತದೆ. ಒಂದು ಕಡೆ ಅಗಲ, ಇನ್ನೊಂದು ಕಡೆ ಒತ್ತು ಹಲ್ಲಿರುವ ಒಳ್ಳೆ ಸ್ಟೀಲ್ ಬಾಚಣಿಗೆ ಒಂದು ಕೊಂಡರೆ ನಾಯಿಯ ಜೀವಮಾನಕ್ಕೆ ಸಾಕು, ಒರೆಸಿ ಇಟ್ಟರೆ ಉಪ್ಪುಗಾಳಿಗೂ ತುಕ್ಕು ಹಿಡಿಯುವುದಿಲ್ಲ. ಪರಿಸರದ ಲೆಕ್ಕದಲ್ಲೂ ಇದೇ ಗೆದ್ದಿತು ಅಂತ ನನ್ನ ಅಭಿಪ್ರಾಯ.

ನೀರಿಲ್ಲದ ಸ್ನಾನ ಅಂತ ಅಕ್ಕಿಹಿಟ್ಟು, ಕಡ್ಲೆಹಿಟ್ಟು ಉದುರಿಸಿ ಬಾಚುವುದನ್ನೂ ನೋಡಿದೆ. ಬಯಲುಸೀಮೆಯ ಒಣ ಹವೆಗೆ ಸರಿ ಇರಬಹುದು. ನಮ್ಮ ಕರಾವಳಿಯ ತೇವಕ್ಕೆ ಹಿಟ್ಟು ಕೂದಲಲ್ಲೇ ಅಂಟಾಗುತ್ತದೆ, ಮೇಲಿಂದ ಇರುವೆ. ಮಳೆಗಾಲಕ್ಕೆ ಮುಂಚೆ ಹೊಟ್ಟೆ, ಪಾದದ ಕೂದಲು ಗಿಡ್ಡ ಮಾಡಿಸಿ, ಆಮೇಲೆ ಒದ್ದೆ ಬಟ್ಟೆ, ಬಾಚಣಿಗೆ, ಅಷ್ಟೇ. ತೊಳೆದ ದಿನ ಹಳೆ ಹತ್ತಿ ಪಂಚೆಯಿಂದ ಒತ್ತಿ ಒತ್ತಿ ನೀರು ತೆಗೆಯಿರಿ, ಉಜ್ಜಿದರೆ ಸಿಕ್ಕಾಗುತ್ತದೆ. ಬುಡ ಒಣಗುವ ತನಕ ಫ್ಯಾನಿನ ಕೆಳಗೇ ಇರಲಿ. ಬುಡ ಹಸಿ ಉಳಿದರೆ ಚರ್ಮ ಕೆಂಪಾಗಿ ಹುಣ್ಣಾಗುತ್ತದೆ.

ಉಣುಗಿನ ವಿಷಯದಲ್ಲಿ ಮಾತ್ರ ಮನೆಮದ್ದು ನಂಬಿ ಕೂರಬೇಡಿ. ಕೊಬ್ಬರಿ ಎಣ್ಣೆಗೆ ಸ್ವಲ್ಪ ಬೇವಿನೆಣ್ಣೆ ಬೆರೆಸಿ ಹಚ್ಚಿದರೆ ಕೆಲವು ದೂರ ಇರುತ್ತವೆ ಅನ್ನಿಸಿದೆ, ಆದರೆ ಹತ್ತಿದ ಉಣುಗು ಅದರಿಂದ ಸಾಯುವುದಿಲ್ಲ. ಉಣುಗು ಜ್ವರ ನಾಯಿಯ ಜೀವವನ್ನೇ ತೆಗೆಯುತ್ತದೆ. ಸಿದ್ದಾಪುರ, ಶಿರಸಿ, ಹೊನ್ನಾವರದ ಕಾಡಂಚಿನವರಿಗಂತೂ ಉಣುಗು ಅಂದರೆ ಮಂಗನ ಕಾಯಿಲೆಯ ನೆನಪು, 1957ರಲ್ಲಿ ಪಕ್ಕದ ಸೊರಬದ ಕ್ಯಾಸನೂರು ಕಾಡಿನ ಬಳಿ ಗುರುತಿಸಿದ್ದು. ಹಾಗಾಗಿ ಪಶುವೈದ್ಯರು ಹೇಳಿದ ಔಷಧಿಯೇ ಸರಿ. ಬೆನ್ನಿಗೆ ಬಿಡುವ ಹನಿಯಾದರೆ ನಂತರ ಕೆಲವು ದಿನ ಸ್ನಾನ ಬೇಡ, ಸಮುದ್ರ, ಹೊಳೆ ಎರಡೂ ಕಡೆ ಬಿಡಬೇಡಿ. 2020ರಲ್ಲಿ ಪ್ರಕಟವಾದ ಸಸೆಕ್ಸ್ ವಿಶ್ವವಿದ್ಯಾಲಯದ ಅಧ್ಯಯನದಲ್ಲಿ ಇಂಗ್ಲೆಂಡಿನ 20 ನದಿಗಳ ನೀರಿನ ಮಾದರಿಗಳಲ್ಲಿ ಶೇ. 98ರಲ್ಲಿ ಇಂಥ ಹನಿಗಳಲ್ಲಿರುವ ಫಿಪ್ರೋನಿಲ್ ಸಿಕ್ಕಿತ್ತು, ಅದು ನೀರಿನ ಹುಳುಗಳಿಗೆ ಮಾರಕ. ಮಾತ್ರೆ ಕೊಡಬಹುದಾ ಅಂತ ವೈದ್ಯರನ್ನು ಕೇಳಿ ನೋಡಿ.

ಬೆಕ್ಕಿನ ಲೆಕ್ಕವೇ ಬೇರೆ. ಕುಮಟೆಯಲ್ಲಿ ನಾದಿನಿಯ ಮನೆಯಲ್ಲಿ ಪರ್ಶಿಯನ್ ಬೆಕ್ಕಿದೆ, ಚಿನ್ನಿಗೆ ಹಾಕಿದ್ದು ಅದಕ್ಕೂ ಹಾಕಬಹುದಾ ಅಂತ ಕೇಳಿದ್ದಳು. ಬೇಡ ಅಂದೆ. ಬೆಕ್ಕು ದಿನವಿಡೀ ಮೈ ನೆಕ್ಕುತ್ತದೆ, ಮೈಗೆ ಹಚ್ಚಿದ್ದೆಲ್ಲ ಹೊಟ್ಟೆಗೆ ಹೋಗುತ್ತದೆ. ನಾಯಿಯ ಯಕೃತ್ತು ಕರಗಿಸುವ ಎಷ್ಟೋ ವಸ್ತುಗಳನ್ನು ಬೆಕ್ಕಿನ ಯಕೃತ್ತು ಕರಗಿಸಲಾರದು. ಅಂಟುವಾಳ, ಬೇವಿನೆಣ್ಣೆ, ಕರ್ಪೂರ ಯಾವುದೂ ಬೇಡ. ನಾಯಿಯ ಉಣುಗಿಗೆ ಹಾಕುವ ಪರ್ಮೆಥ್ರಿನ್ ಪುಡಿಯಂತೂ ಬೆಕ್ಕಿಗೆ ಸಾವೇ ತರಬಹುದು, ಎರಡೂ ಒಂದೇ ಮನೆಯಲ್ಲಿದ್ದರೆ ಆ ಪುಡಿ ಮನೆಗೇ ತರಬೇಡಿ. ಅದೇ ಸ್ಟೀಲ್ ಬಾಚಣಿಗೆ, ಬೆಚ್ಚಗಿನ ನೀರಲ್ಲಿ ಹಿಂಡಿದ ಬಟ್ಟೆ, ಬೆಕ್ಕಿಗೆ ಅಷ್ಟೇ ಸಾಕು.

ಬಾಚಿದ ಕೂದಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಸದ ಗಾಡಿಗೆ ಕೊಡಬೇಡಿ. ಅದರಲ್ಲಿ ಸಾರಜನಕ ಇದೆ, ನಿಧಾನಕ್ಕೆ ಕೊಳೆಯುತ್ತದೆ, ಗೊಬ್ಬರ ಗುಂಡಿಗೆ ತೆಳ್ಳಗೆ ಹರಡಿ ತರಗೆಲೆ ಮುಚ್ಚಿ. ಹಕ್ಕಿ ಗೂಡಿಗೆ ಒಯ್ಯಲಿ ಅಂತ ಅಂಗಳದಲ್ಲಿ ಬಿಡುವವರಿದ್ದಾರೆ, ಉಣುಗಿನ ಔಷಧಿ ಹಾಕಿದ ನಾಯಿಯ ಕೂದಲನ್ನು ಹಾಗೆ ಬಿಡಬೇಡಿ, ಮರಿಗಳ ಮೈಗೆ ಅದೇ ವಿಷ ತಾಗುತ್ತದೆ.