ಇಸಿಎಚ್‌ಎಸ್ ಕಾರ್ಡ್ ಮನಸ್ಸಿನ ಕಾಯಿಲೆಗೆ ಎಷ್ಟು ಆಗುತ್ತದೆ? ಮಂಗಳೂರಿನಿಂದ ಒಂದು ರಿವ್ಯೂ

ಮಾಜಿ ಸೈನಿಕರಿಗೆ ಕೊಡುವ ಈ ಆರೋಗ್ಯ ಕಾರ್ಡಿಗೆ ಮೊದಲು ಮಾರ್ಕು ಕೊಟ್ಟುಬಿಡುತ್ತೇನೆ. ಮಂಡಿ, ಕಣ್ಣು, ಹೃದಯಕ್ಕೆ ಐದರಲ್ಲಿ ನಾಲ್ಕೂವರೆ. ಮನಸ್ಸಿನ ಕಾಯಿಲೆಗೆ ಎರಡೂವರೆ. ಬರೀ ಮಾತ್ರೆ ಸಾಕು ಎನ್ನುವವರಾದರೆ ಮೂರೂವರೆ. ಒಂದೇ ಕಾರ್ಡ್, ಒಂದೇ ಪಾಲಿಕ್ಲಿನಿಕ್ (ಯೋಜನೆಯದೇ ಕ್ಲಿನಿಕ್), ಆದರೂ ಮಾರ್ಕು ಇಷ್ಟು ಬೇರೆ ಬೇರೆ. ಯಾಕೆ ಅಂತ ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನ ಅಪ್ಪ ಹವಾಲ್ದಾರ್ ಆಗಿ ಸೇನೆಯಿಂದ ನಿವೃತ್ತರಾದವರು. ಅವರಿಗೆ ಬೈಪೋಲಾರ್ ಕಾಯಿಲೆ ಉಂಟು, ಅಂದರೆ ಮನಸ್ಸು ಒಮ್ಮೆ ವಿಪರೀತ ಏರುತ್ತದೆ, ಒಮ್ಮೆ ವಿಪರೀತ ಕುಸಿಯುತ್ತದೆ. ಅದನ್ನು ಹತೋಟಿಯಲ್ಲಿಡಲು ಲಿಥಿಯಂ ಮಾತ್ರೆ ತೆಗೆದುಕೊಳ್ಳುತ್ತಾರೆ. ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ. "ಹೆಸರು ಹಾಕಬೇಡ, ಬಾಕಿ ಏನು ಬೇಕಾದ್ರೂ ಬರಿ" ಎಂದಿದ್ದಾರೆ. ಕಾಯಿಲೆ ಶುರುವಾದಾಗ ಸಂಬಂಧಿಕರಲ್ಲಿ ಅರ್ಧ ಜನ ಜ್ಯೋತಿಷಿ ಹತ್ತಿರ ಬಲಿಮೆ ನೋಡಿಸಿ ಎಂದರು, ಇನ್ನರ್ಧ ಜನ ಮಿಲಿಟ್ರಿಯವರಿಗೆ ಸಿಟ್ಟು ಸಹಜ ಅಲ್ವಾ ಎಂದರು. ಅದನ್ನೆಲ್ಲ ದಾಟಿ ಸೈಕಿಯಾಟ್ರಿಸ್ಟ್ ಹತ್ತಿರ ತಲುಪಿದ ಮೇಲಿನ ಕಥೆ ಇದು.

ಗೊತ್ತಿಲ್ಲದವರಿಗೆ: ಇಸಿಎಚ್‌ಎಸ್ ಅಂದರೆ ಮಾಜಿ ಸೈನಿಕರ ಆರೋಗ್ಯ ಯೋಜನೆ. 2003ರ ಏಪ್ರಿಲ್ 1ರಂದು ಶುರುವಾಯಿತು. ಮಿಲಿಟ್ರಿ ಇನ್ಶೂರೆನ್ಸ್ ಅಂತ ಊರಲ್ಲಿ ಎಲ್ಲರೂ ಹೇಳುತ್ತಾರೆ, ಆದರೆ ವರ್ಷವರ್ಷ ಪ್ರೀಮಿಯಂ ಇಲ್ಲ. ನಿವೃತ್ತಿ ಹೊತ್ತಿಗೆ ಒಂದೇ ಸಲ ಹಣ ಕಟ್ಟುವುದು. 2017ರ ಕೊನೆಯಲ್ಲಿ ಬಂದ ಆದೇಶದ ಪ್ರಕಾರ ಹವಾಲ್ದಾರ್‌ವರೆಗಿನವರಿಗೆ 30,000 ರೂಪಾಯಿ, ನಾಯಬ್ ಸುಬೇದಾರ್‌ನಿಂದ ಸುಬೇದಾರ್ ಮೇಜರ್‌ವರೆಗೆ 67,000, ಆಫೀಸರ್‌ಗಳಿಗೆ 1,20,000. ಖರ್ಚಿಗೆ ಮಿತಿ ಇಲ್ಲ. ಮೊದಲೇ ಇದ್ದ ಕಾಯಿಲೆ ಅಂತ ತಳ್ಳಿಹಾಕುವುದೂ ಇಲ್ಲ. ಮನಸ್ಸಿನ ಕಾಯಿಲೆ ಇರುವ ಮನೆಗೆ ಈ ಕೊನೆಯ ಮಾತು ಎಷ್ಟು ದೊಡ್ಡದು ಅಂತ ಖಾಸಗಿ ವಿಮೆ ಏಜೆಂಟರ ಎದುರು ಕೂತು ಬಂದವರಿಗೆ ಗೊತ್ತು. 2017ರ ಮಾನಸಿಕ ಆರೋಗ್ಯ ಕಾಯ್ದೆ ದೇಹದ ಕಾಯಿಲೆಗೆ ಹೇಗೋ ಹಾಗೆಯೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕು ಎಂದು ಹೇಳಿತು, ಅದು 2018ರಲ್ಲಿ ಜಾರಿಗೂ ಬಂತು. ಆದರೂ ಫಾರ್ಮ್‌ನಲ್ಲಿ ಆ ಕಾಯಿಲೆಯ ಹೆಸರು ಬರೆದ ಕೂಡಲೇ ಎದುರಿನವರ ಮುಖ ಬದಲಾಗುವುದು ನಿಂತಿಲ್ಲ. ಇಲ್ಲಿ ಆ ತಾಪತ್ರಯ ಇಲ್ಲ.

ಇನ್ನೊಂದು ಒಳ್ಳೆಯ ಅಂಶ ಜಾಸ್ತಿ ಜನರಿಗೆ ಗೊತ್ತೇ ಇಲ್ಲ. ಗಂಡುಮಕ್ಕಳಿಗೆ ಸಾಮಾನ್ಯವಾಗಿ 25 ವರ್ಷ ಆದ ಮೇಲೆ, ಅಥವಾ ಅದಕ್ಕೂ ಮೊದಲು ಸಂಪಾದನೆ ಶುರುವಾದರೆ, ಕಾರ್ಡ್ ಇಲ್ಲ. ಆದರೆ ಶೇ. 40 ಅಥವಾ ಅದಕ್ಕಿಂತ ಹೆಚ್ಚಿನ ಶಾಶ್ವತ ಅಂಗವೈಕಲ್ಯ ಇದ್ದರೆ ವಯಸ್ಸಿನ ಮಿತಿ ಇಲ್ಲ, ಮತ್ತು 2016ರ ವಿಕಲಚೇತನರ ಕಾಯ್ದೆಯ 21 ವಿಧಗಳಲ್ಲಿ ಮಾನಸಿಕ ಕಾಯಿಲೆಯೂ ಒಂದು. ಸ್ಕಿಜೋಫ್ರೇನಿಯಾ ಇರುವ ದೊಡ್ಡ ಮಗ ಮನೆಯಲ್ಲಿದ್ದರೆ ಸರ್ಟಿಫಿಕೇಟ್ ಮಾಡಿಸುವುದನ್ನು ಮುಂದೂಡಬೇಡಿ. ನಾಚಿಕೆಯಿಂದ ಬಿಟ್ಟವರನ್ನು ನೋಡಿದ್ದೇನೆ. ಆಮೇಲೆ ತಿಂಗಳ ಮಾತ್ರೆಗೆ ಪೆನ್ಷನ್ ಹಣ ಹೋಗುತ್ತದೆ.

ಈಗ ಪಾಲಿಕ್ಲಿನಿಕ್. ಮೆಚ್ಚುಗೆ ಇರುವುದು ಇಲ್ಲಿಯೇ. ಅಪ್ಪನಿಗೆ ಮಂಡಿ ನೋವು ಜಾಸ್ತಿಯಾದಾಗ ಹೊರಗಿನ ಮೂಳೆ ಡಾಕ್ಟರ್ ಒಬ್ಬರು ನೋವಿನ ಮಾತ್ರೆ ಬರೆದರು. ಪಾಲಿಕ್ಲಿನಿಕ್‌ನ ಮೆಡಿಕಲ್ ಆಫೀಸರ್ ಅಪ್ಪನ ಚಿಕಿತ್ಸೆಯ ಪುಸ್ತಕ ತಿರುಗಿಸಿ ನೋಡಿ, "ನೀವು ಲಿಥಿಯಂ ತಗೊಳ್ತಿದ್ದೀರಲ್ಲ, ಇದನ್ನು ತಗೊಳ್ಬೇಡಿ" ಎಂದರು. ಡೈಕ್ಲೋಫೆನಾಕ್, ಐಬುಪ್ರೊಫೆನ್ ತರಹದ ಮಾತ್ರೆಗಳು ರಕ್ತದಲ್ಲಿ ಲಿಥಿಯಂ ಪ್ರಮಾಣ ಏರಿಸುತ್ತವೆ. ನಮ್ಮ ಏಪ್ರಿಲ್ ಸೆಖೆಯಲ್ಲಿ ಬೆವರಿ ನೀರು ಕಡಿಮೆಯಾದರೂ ಏರುತ್ತದೆ. ಏರಿದರೆ ಕೈ ನಡುಗುವುದು, ವಾಂತಿ, ತೊದಲು, ಇನ್ನೂ ಮುಂದೆ ಹೋದರೆ ಕಿಡ್ನಿಗೇ ಅಪಾಯ. ಬೇರೆ ಬೇರೆ ಕ್ಲಿನಿಕ್ ಸುತ್ತುವವರಿಗೆ ಇದನ್ನು ಹಿಡಿಯುವವರು ಯಾರು? ಎಲ್ಲ ಮಾತ್ರೆಗಳೂ ಒಂದೇ ಮೇಜಿನ ಮೇಲೆ ಬಂದು ಹೋಗುತ್ತವೆ ಎನ್ನುವುದೇ ಈ ವ್ಯವಸ್ಥೆಯ ದೊಡ್ಡ ಲಾಭ. ಸಾಲು ಉದ್ದ ಇರಬಹುದು, ನಿಂತು ಕಾಯಬೇಕಾಗಬಹುದು, ಆದರೂ ಆ ಒಂದು ನೋಟಕ್ಕೆ ನಾನು ಯಾವತ್ತೂ ಋಣಿ.

ತೊಂದರೆ ಶುರುವಾಗುವುದು ಅಲ್ಲಿಂದ ರೆಫರಲ್, ಅಂದರೆ ಹೊರಗಿನ ಆಸ್ಪತ್ರೆಗೆ ಕಳಿಸುವ ಚೀಟಿ, ಹಿಡಿದು ಹೊರಗೆ ಬಂದ ಮೇಲೆ.

ನಗರದ ಒಂದು ಖಾಸಗಿ ಆಸ್ಪತ್ರೆಗೆ ಹೋದೆವು. ಎದುರಿಗೇ ದೊಡ್ಡ ಬೋರ್ಡು, ಮಾಜಿ ಸೈನಿಕರಿಗೆ ಸೌಲಭ್ಯ ಉಂಟು ಅಂತ. ಕೌಂಟರ್‌ನ ಹುಡುಗಿ ಕಾಗದ ನೋಡಿ, "ಅಂಕಲ್, ಕಾರ್ಡಿಯಾಲಜಿಗೆ ಉಂಟು, ಸೈಕಿಯಾಟ್ರಿಗೆ ಇಲ್ಲ" ಎಂದಳು. ಇದು ಅವಳ ತಪ್ಪಲ್ಲ. ಇಸಿಎಚ್‌ಎಸ್ ಖಾಸಗಿ ಆಸ್ಪತ್ರೆಗಳನ್ನು ತನ್ನ ಪಟ್ಟಿಗೆ ಸೇರಿಸುವುದು ವಿಭಾಗವಾರು. ಆದರೆ ಬೋರ್ಡಿನಲ್ಲಿ ಅದನ್ನು ಬರೆಯುವುದಿಲ್ಲ. ಇಷ್ಟು ದೂರ ಬಂದು, ತುಂಬಿದ ಲಾಬಿಯಲ್ಲಿ, ಸೈಕಿಯಾಟ್ರಿ ಅನ್ನುವ ಶಬ್ದವನ್ನು ಅವಳು ಗಟ್ಟಿಯಾಗಿ ಹೇಳಿದಾಗ ಅಪ್ಪ ತಲೆ ತಗ್ಗಿಸಿದರು. ಮತ್ತೆ ಅವರನ್ನು ಹೊರಡಿಸಲು ವಾರಗಟ್ಟಲೆ ಹಿಡಿಯಿತು.

ಆಸ್ಪತ್ರೆಗಳಿಗೆ ಈ ವಿಭಾಗದಲ್ಲಿ ಆಸಕ್ತಿ ಯಾಕೆ ಕಡಿಮೆ ಅಂತ ನೋಡಿದರೆ ದುಡ್ಡಿನ ಲೆಕ್ಕ ಸಿಗುತ್ತದೆ. ಇಸಿಎಚ್‌ಎಸ್ ಕೊಡುವುದು ಕೇಂದ್ರ ಸರ್ಕಾರಿ ನೌಕರರ ಆರೋಗ್ಯ ಯೋಜನೆಯಾದ ಸಿಜಿಎಚ್‌ಎಸ್‌ನ ದರ. ಅದರಲ್ಲಿ ಹೊರರೋಗಿ ಕನ್ಸಲ್ಟೇಷನ್‌ಗೆ ಬಹಳ ಕಾಲ 150 ರೂಪಾಯಿ ಇತ್ತು, 2023ರ ಏಪ್ರಿಲ್‌ನಲ್ಲಿ 350 ಮಾಡಿದರು. ಅದೇ ಸಲ ಜನರಲ್ ವಾರ್ಡಿನ ಬಾಡಿಗೆ ದಿನಕ್ಕೆ 1,500 ಆಯಿತು. ಜ್ವರ ನೋಡುವ ಡಾಕ್ಟರಿಗೆ ಹತ್ತು ನಿಮಿಷಕ್ಕೆ 350 ಪರವಾಗಿಲ್ಲ. ಆದರೆ ಸೈಕಿಯಾಟ್ರಿಸ್ಟ್ ಹೊಸ ರೋಗಿಯನ್ನು ಕೂರಿಸಿ, ಮನೆಯವರನ್ನು ಹೊರಗೆ ಕಳಿಸಿ, ಮತ್ತೆ ಒಳಗೆ ಕರೆದು ಮುಕ್ಕಾಲು ಗಂಟೆ ಮಾತಾಡಿದರೂ ಅದು ಒಂದು ಕನ್ಸಲ್ಟೇಷನ್ನೇ. ಸ್ಕ್ಯಾನ್ ಇಲ್ಲ, ಆಪರೇಷನ್ ಇಲ್ಲ, ಬಿಲ್ ಬೆಳೆಯುವ ದಾರಿಯೇ ಇಲ್ಲ.

2025ರ ಅಕ್ಟೋಬರ್‌ನಲ್ಲಿ ಸಿಜಿಎಚ್‌ಎಸ್ ದರಗಳನ್ನು ದೊಡ್ಡದಾಗಿ ಬದಲಾಯಿಸಿದರು, ಡಿಸೆಂಬರ್‌ನಿಂದ ಇಸಿಎಚ್‌ಎಸ್‌ಗೂ ಅವೇ ಬಂದವು. ಸುಮಾರು 2,000 ಚಿಕಿತ್ಸೆಗಳ ದರ ಹೊಸದಾಯಿತು. ದೊಡ್ಡ ನಗರಕ್ಕೆ ಪೂರ್ತಿ ದರ, ಎರಡನೇ ದರ್ಜೆಯ ನಗರಕ್ಕೆ ಶೇ. 10 ಕಡಿಮೆ, ಮೂರನೇ ದರ್ಜೆಗೆ ಶೇ. 20 ಕಡಿಮೆ. ಆಸ್ಪತ್ರೆಗಳ ಗುಣಮಟ್ಟ ನೋಡಿ ಕೊಡುವ ಎನ್‌ಎಬಿಎಚ್ ಮಾನ್ಯತೆ ಇಲ್ಲದ ಆಸ್ಪತ್ರೆಗೆ ಮತ್ತೆ ಶೇ. 15 ಕಡಿಮೆ. ಕೇಂದ್ರದ ವಿಂಗಡಣೆಯಲ್ಲಿ ಮಂಗಳೂರು ಎರಡನೆಯದು, ಉಡುಪಿ ಮೂರನೆಯದು. ಎರಡು ಜಿಲ್ಲೆಗಳ ಗಡಿಯ ಹೆಜಮಾಡಿ ಟೋಲ್ ದಾಟಿದ ಕೂಡಲೇ ಅದೇ ಚಿಕಿತ್ಸೆಯ ಬೆಲೆ ಇಳಿಯುತ್ತದೆ, ಡಾಕ್ಟರ್ ಓದಿದ ಪುಸ್ತಕ ಮಾತ್ರ ಒಂದೇ! ಮಾನ್ಯತೆ ಪಡೆಯಲು ಬೇಕಾದ ಕಾಗದಪತ್ರ, ಸಿಬ್ಬಂದಿ ಎಲ್ಲ ದೊಡ್ಡ ಆಸ್ಪತ್ರೆಗೆ ಸುಲಭ. ಇಪ್ಪತ್ತು ಮೂವತ್ತು ಹಾಸಿಗೆಯ ಸಣ್ಣ ಮಾನಸಿಕ ಆಸ್ಪತ್ರೆಗೆ ಅದೇ ಒಂದು ಹೊರೆ. ಹೃದಯ, ಕ್ಯಾನ್ಸರ್ ವಿಭಾಗದವರು ಹೊಸ ದರದಿಂದ ಖುಷಿಯಾಗಿರಬಹುದು. ಒಬ್ಬ ಡಾಕ್ಟರು, ಇಬ್ಬರು ನರ್ಸು, ಒಬ್ಬ ಕೌನ್ಸೆಲರ್ ಇಟ್ಟುಕೊಂಡು ನಡೆಸುವವರಿಗೆ ಏನು ಸಿಕ್ಕಿತು ಅಂತ ನನಗೆ ಕಾಣುತ್ತಿಲ್ಲ.

ಬಿಲ್ ಹಣ ತಡವಾಗಿ ಬರುತ್ತದೆ ಎಂಬ ದೂರು ಬೇರೆ. ಬಾಕಿ ಏರಿತು ಅಂತ ದೇಶದ ಬೇರೆ ಬೇರೆ ಕಡೆ ಆಸ್ಪತ್ರೆಗಳು ಇಸಿಎಚ್‌ಎಸ್ ಕ್ಯಾಶ್‌ಲೆಸ್ ನಿಲ್ಲಿಸಿದ್ದು ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ. ನಮ್ಮಲ್ಲಿ ಮಾತ್ರ ಹೀಗೆ ಅಂದುಕೊಳ್ಳಬೇಡಿ. ಅಮೆರಿಕದ ಮಿಲಿಟ್ರಿ ವಿಮೆ ಟ್ರೈಕೇರ್‌ನಲ್ಲಿ 2025ರ ಜನವರಿ 1ರಂದು ಪಶ್ಚಿಮ ವಲಯದ ಗುತ್ತಿಗೆ ಒಂದು ಕಂಪನಿಯಿಂದ ಇನ್ನೊಂದಕ್ಕೆ ಹೋಯಿತು, ಟೆಕ್ಸಸ್ ಸೇರಿ ಆರು ರಾಜ್ಯಗಳು ಪೂರ್ವ ವಲಯದಿಂದ ಪಶ್ಚಿಮಕ್ಕೆ ಸೇರಿದವು. ಆಮೇಲೆ ಕ್ಲೇಮ್ ಹಣ ಸಿಕ್ಕಿಹಾಕಿಕೊಂಡಿತು, ರೆಫರಲ್ ಮಂಜೂರಾತಿ ತಡವಾಗಿ ಕೆಲವು ತಿಂಗಳು ಆ ನಿಯಮವನ್ನೇ ಸಡಿಲಿಸಬೇಕಾಯಿತು. ಅಲ್ಲಿ ಕೂಡ ಮೊದಲು ಒದ್ದಾಡಿದವರಲ್ಲಿ ಒಬ್ಬೊಬ್ಬರೇ ಕ್ಲಿನಿಕ್ ನಡೆಸುವ ಥೆರಪಿಸ್ಟ್‌ಗಳು ಇದ್ದರು. ದೊಡ್ಡ ಆಸ್ಪತ್ರೆ ಆರು ತಿಂಗಳ ಬಾಕಿ ತಡೆದುಕೊಳ್ಳುತ್ತದೆ. ಒಂದು ಕೋಣೆ ಬಾಡಿಗೆ ಹಿಡಿದವರು ಹೇಗೆ ತಡೆದುಕೊಳ್ಳುತ್ತಾರೆ?

ಹೀಗೆ ಒಂದು ಆಸ್ಪತ್ರೆ ಪಟ್ಟಿಯಿಂದ ಹೊರಗೆ ಹೋದರೆ ಮಂಡಿ ರೋಗಿ ಎಕ್ಸ್‌ರೇ ಹಿಡಿದುಕೊಂಡು ಪಕ್ಕದ ಆಸ್ಪತ್ರೆಗೆ ಹೋಗುತ್ತಾನೆ. ಮನಸ್ಸಿನ ರೋಗಿ ಹಿಡಿದುಕೊಂಡು ಹೋಗುವುದು ಏನನ್ನು? ಸಿಯಾಚಿನ್ ಬಗ್ಗೆ ಅಪ್ಪ ನಮ್ಮ ಹತ್ತಿರ ಇವತ್ತಿಗೂ ಮಾತಾಡಿಲ್ಲ. ಡಾಕ್ಟರ ಹತ್ತಿರ ಮಾತಾಡಿದ್ದಾರೆ, ಅದೂ ಬಹಳ ಭೇಟಿಗಳ ನಂತರ. ಆ ಡಾಕ್ಟರು ತಪ್ಪಿದರೆ ಹೊಸಬರ ಎದುರು ಮತ್ತೆ ಮೊದಲಿನಿಂದ. ಎಷ್ಟೋ ಜನ ಅಲ್ಲಿಗೇ ಚಿಕಿತ್ಸೆ ಬಿಟ್ಟುಬಿಡುತ್ತಾರೆ. ದರದ ಪಟ್ಟಿ ಮಾಡುವವರು ಇದನ್ನು ಎಲ್ಲೂ ಲೆಕ್ಕ ಹಾಕಿದ ಹಾಗೆ ಕಾಣುವುದಿಲ್ಲ.

ರೆಫರಲ್ ವಿಷಯದಲ್ಲಿ ಮಾತ್ರ ನಿಜವಾಗಿ ಸುಧಾರಣೆ ಆಗಿದೆ. ಸಿಜಿಎಚ್‌ಎಸ್‌ನಲ್ಲಿ 2024ರಿಂದ ಒಂದು ರೆಫರಲ್ ಮೂರು ತಿಂಗಳು ನಡೆಯುತ್ತದೆ, ಆರು ಭೇಟಿಯವರೆಗೆ. ನಮಗೂ ಈಗ ಮೂರು ತಿಂಗಳದ್ದು ಸಿಗುತ್ತಿದೆ. ಮೊದಲು ತಿಂಗಳಿಗೊಮ್ಮೆ ಕಾಗದಕ್ಕಾಗಿಯೇ ಒಂದು ದಿನ ರಜೆ ಹಾಕಬೇಕಿತ್ತು, ಮಳೆಗಾಲದಲ್ಲಂತೂ ಸಾಕುಬೇಕಾಗುತ್ತಿತ್ತು. ಖಿನ್ನತೆ ಇರುವವರಿಗೆ ಹಾಸಿಗೆಯಿಂದ ಎದ್ದು ಸ್ನಾನ ಮಾಡುವುದೇ ಕಷ್ಟ, ಅವರಿಗೆ ಎರಡು ಕಡೆ ಸಾಲು ನಿಲ್ಲಿ ಎಂದರೆ ಬರುವುದೇ ಇಲ್ಲ. ಹಾಗಾಗಿ ಇದು ಸಣ್ಣ ಬದಲಾವಣೆ ಅಲ್ಲ.

ಕೌನ್ಸೆಲಿಂಗ್‌ಗೆ ಈ ಕಾರ್ಡನ್ನು ನಂಬಬೇಡಿ. ವಾರಕ್ಕೊಮ್ಮೆ ಕೂತು ಮಾತಾಡುವ ಥೆರಪಿ ಬೇಕಿದ್ದರೆ ನಾವು ಕೈಯಿಂದಲೇ ಕೊಡುತ್ತೇವೆ. ಆರ್‌ಸಿಐ (ಭಾರತೀಯ ಪುನರ್ವಸತಿ ಮಂಡಳಿ) ನೋಂದಣಿ ಇರುವ ಕ್ಲಿನಿಕಲ್ ಸೈಕಾಲಜಿಸ್ಟ್ ಹೌದಾ ಅಂತ ಕೇಳಿಯೇ ಹೋಗಿ, ಬೋರ್ಡು ಹಾಕಿದವರೆಲ್ಲ ಕಲಿತವರಲ್ಲ. ಹಣಕ್ಕೆ ಕಷ್ಟ ಇದ್ದರೆ ಮಂಗಳೂರಿನ ಸರ್ಕಾರಿ ಆಸ್ಪತ್ರೆ ವೆನ್ಲಾಕ್‌ನ ಸೈಕಿಯಾಟ್ರಿ ಒಪಿಡಿ ಉಂಟು. ಉಡುಪಿ ಕಡೆಯವರಿಗೆ ದೊಡ್ಡಣಗುಡ್ಡೆಯ ಬಾಳಿಗಾ ಆಸ್ಪತ್ರೆ ಗೊತ್ತೇ ಇದೆ, ಕುಡಿತ ಬಿಡಿಸುವ ಕೆಲಸಕ್ಕೆ ಅದರ ಹೆಸರು ಹಳೆಯದು. ರಾತ್ರಿ ಹೊತ್ತು ಯಾರೂ ಸಿಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416. ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡಿಲ್ಲ. ಸೇನೆಯವರಿಗಾಗಿಯೇ 2023ರ ಡಿಸೆಂಬರ್‌ನಲ್ಲಿ ಪುಣೆಯ ಸೇನಾ ವೈದ್ಯಕೀಯ ಕಾಲೇಜು ಎಎಫ್‌ಎಂಸಿಯಲ್ಲಿ ಇದರ ಪ್ರತ್ಯೇಕ ಘಟಕ ತೆರೆದರು. ಆ ಹೊತ್ತಿನ ಸಂಕಟಕ್ಕೆ ಒಳ್ಳೆಯದು, ತಿಂಗಳುಗಟ್ಟಲೆಯ ಚಿಕಿತ್ಸೆಗೆ ಅದು ಬದಲಿ ಅಲ್ಲ.

ಎಮರ್ಜೆನ್ಸಿ ನಿಯಮವನ್ನೂ ಈಗಲೇ ಓದಿಟ್ಟುಕೊಳ್ಳಿ. ಪಟ್ಟಿಯಲ್ಲಿಲ್ಲದ ಆಸ್ಪತ್ರೆಗೆ ಸೇರಿಸಿದರೆ 48 ಗಂಟೆಯೊಳಗೆ ಪಾಲಿಕ್ಲಿನಿಕ್‌ಗೆ ತಿಳಿಸಬೇಕು. ಎಮರ್ಜೆನ್ಸಿ ಯಾವುದು ಅನ್ನುವುದಕ್ಕೆ ಕೊಟ್ಟ ಪಟ್ಟಿಯಲ್ಲಿ ಹೃದಯಾಘಾತ, ಪಾರ್ಶ್ವವಾಯು, ವಿಷ, ಹಾವು ಕಚ್ಚಿದ್ದು ಎಲ್ಲ ಉಂಟು. ಮೂರು ರಾತ್ರಿ ನಿದ್ದೆ ಇಲ್ಲದೆ ಪತ್ರ ಹಿಡಿದು ಮನೆ ಮಾರಲು ಹೊರಟ ಮನುಷ್ಯ ಎಲ್ಲಿ ಬರುತ್ತಾನೆ? ಜೀವಕ್ಕೋ ಕೈಕಾಲಿಗೋ ಅಪಾಯ ಇರುವ ಬೇರೆ ಸ್ಥಿತಿ ಎನ್ನುವ ಕೊನೆಯ ಸಾಲಿನಲ್ಲಿ ತುರುಕಬೇಕು. ಅದನ್ನು ಡಾಕ್ಟರ್ ಸರಿಯಾಗಿ ಬರೆದುಕೊಡಬೇಕು, ಇಲ್ಲವಾದರೆ ಬಿಲ್ ವಾಪಸ್. ಡಿಸ್ಚಾರ್ಜ್ ಕಾಗದದಲ್ಲಿ "ತನಗೆ ಅಥವಾ ಇತರರಿಗೆ ಅಪಾಯ" ಎಂಬ ಅರ್ಥದ ಮಾತು ಇದೆಯಾ ಅಂತ ನೋಡಿಯೇ ಮನೆಗೆ ಬನ್ನಿ. ಇನ್ನೊಂದು, ಹವಾಲ್ದಾರ್‌ವರೆಗಿನವರಿಗೆ ಜನರಲ್ ವಾರ್ಡ್. ಮೇನಿಯಾ (ಮನಸ್ಸು ವಿಪರೀತ ಏರುವ ಹಂತ) ಏರಿದ ಮನುಷ್ಯನಿಗೆ ಟ್ಯೂಬ್‌ಲೈಟ್ ಉರಿಯುವ, ಹತ್ತು ಜನ ಮಲಗಿದ ಕೋಣೆ ಹೇಗಿರುತ್ತದೆ ಎಂದು ಬೇರೆ ಹೇಳಬೇಕಾ? ಕಾಲು ಮುರಿದವರಿಗೆ ವಾರ್ಡು ದರ್ಜೆಯ ಪ್ರಶ್ನೆ, ಇವರಿಗೆ ಅದು ಚಿಕಿತ್ಸೆಯದೇ ಭಾಗ.

2022ರಲ್ಲಿ ಶುರುವಾದ ಅಗ್ನಿಪಥದ ಹುಡುಗರಿಗೆ ಈ ಎರಡೂವರೆ ಮಾರ್ಕಿನ ಕಾರ್ಡೂ ಇಲ್ಲ. ನಾಲ್ಕು ವರ್ಷ ಮುಗಿಸಿ ಮನೆಗೆ ಬರುವವರಿಗೆ ಇಸಿಎಚ್‌ಎಸ್ ಸಿಗುವುದಿಲ್ಲ. ಹೆಚ್ಚಿನವರಿಗೆ ಇಪ್ಪತ್ತೈದರ ಆಸುಪಾಸಿನ ವಯಸ್ಸು, ಗಂಭೀರ ಮಾನಸಿಕ ಕಾಯಿಲೆಗಳು ಸಾಮಾನ್ಯವಾಗಿ ತಲೆ ಎತ್ತುವುದೇ ಆ ಹೊತ್ತಿನಲ್ಲಿ. ಅವರ ಮನೆಯವರು ಈಗಲೇ ಬೇರೆ ದಾರಿ ನೋಡಿಕೊಳ್ಳುವುದು ಒಳ್ಳೆಯದು.

ಕಾರ್ಡ್ ಇರುವವರು ಆಸ್ಪತ್ರೆಗೆ ಹೋಗುವ ಮೊದಲು ಫೋನ್ ಮಾಡಿ, "ಇಸಿಎಚ್‌ಎಸ್ ಉಂಟಾ" ಅಂತ ಕೇಳಬೇಡಿ, ಉಂಟು ಎಂದೇ ಹೇಳುತ್ತಾರೆ. "ಸೈಕಿಯಾಟ್ರಿಗೆ ಉಂಟಾ, ಒಪಿಡಿಗೂ ಉಂಟಾ ಅಥವಾ ಅಡ್ಮಿಟ್ ಆದರೆ ಮಾತ್ರವಾ, ಯಾವ ಡಾಕ್ಟರು, ಯಾವ ದಿನ" ಎಂದು ಕೇಳಿ. ಉತ್ತರ ಕೊಟ್ಟವರ ಹೆಸರು ಬರೆದಿಟ್ಟುಕೊಳ್ಳಿ.