ಟಯರ್ ಡೆಪ್ತ್ ಗೇಜ್: ಲಾರಿಯಲ್ಲಿಟ್ಟುಕೊಂಡು ಮೂರು ವರ್ಷ

ನನ್ನದು ಹತ್ತು ಗಾಲಿಯ ಲಾರಿ. ರಾಣೆಬೆನ್ನೂರಿನ ಗೋವಿನಜೋಳ, ಬ್ಯಾಡಗಿ ಮೆಣಸಿನಕಾಯಿ, ಗದಗಿನ ಹೆಸರುಕಾಳು, ಯಾವ ಬಾಡಿಗೆ ಸಿಕ್ಕರೂ ಹೊಡೆಯುತ್ತೇವೆ. ಟಯರಿನ ಗೆರೆಯ ಆಳ ಅಳೆಯುವ ಈ ಗೇಜನ್ನು ಮೂರು ವರ್ಷದ ಹಿಂದೆ ಹುಬ್ಬಳ್ಳಿಯಲ್ಲಿ ಕೊಂಡೆ. ಸೆಲ್ ಹಾಕುವ ಡಿಜಿಟಲ್ ಅಲ್ಲ, ಸೂಜಿ ಒತ್ತಿ ಮಿಲಿಮೀಟರ್ ಓದುವ ಸ್ಟೀಲಿನದು. ಅಲ್ಲಿಯವರೆಗೆ ಡ್ರೈವರ್ "ಇನ್ನೂ ಹತ್ತು ಸಾವಿರ ಓಡತೈತಿ ಬಿಡ್ರಿ ಅಣ್ಣಾರ" ಅಂದರೆ ಓಡಿಸುತ್ತಿದ್ದೆ, ಪಂಕ್ಚರ್ ಅಂಗಡಿಯವರು "ತಗೀರಿ" ಅಂದರೆ ತೆಗೆಸುತ್ತಿದ್ದೆ.

ಕೊಂಡ ತಿಂಗಳೇ ಅದರ ದುಡ್ಡು ಹುಟ್ಟಿತು. ಮುಂದಿನ ಎಡಗಾಲಿ ಹೊರಗಿನಿಂದ ಚೆನ್ನಾಗಿಯೇ ಕಾಣುತ್ತಿತ್ತು. ಅಳೆದರೆ ಹೊರಗೆರೆ 10, ನಡುವೆ 9, ಒಳಗೆರೆ ಬರೀ 5 ಮಿ.ಮೀ. ಕೈಯಾಡಿಸಿದೆ. ಒಂದು ದಿಕ್ಕಿಗೆ ನುಣುಪು, ತಿರುಗಿ ಸವರಿದರೆ ಗರಗಸದ ಹಲ್ಲಿನಂತೆ ತಡೆಯುತ್ತಿತ್ತು. ಮುಂದಿನ ಗಾಲಿ ಎಡಬಲಕ್ಕೆ ತಿರುಗುವ ಗೂಟದ, ಅಂದರೆ ಕಿಂಗ್‌ಪಿನ್‌ನ ಬುಶ್ ಹೋಗಿದ್ದವು, ಗಾಲಿಗಳ ನೇರ, ಅಂದರೆ ಅಲೈನ್‌ಮೆಂಟೂ ತಪ್ಪಿತ್ತು. ಎರಡನ್ನೂ ಸರಿ ಮಾಡಿಸಿ, ಒಳಗೆರೆ ಹೊರಗೆ ಬರುವಂತೆ ಟಯರನ್ನು ರಿಮ್ಮಿನ ಮೇಲೆ ತಿರುವಿ ಹಾಕಿಸಿದೆ. ಮತ್ತೆ 20,000 ಕಿ.ಮೀ. ಓಡಿತು.

ಈಗ ತಿಂಗಳಿಗೊಮ್ಮೆ ಪ್ರತಿ ಟಯರಿನ ಸುತ್ತ ಮೂರು ಜಾಗದಲ್ಲಿ, ಜಾಗಕ್ಕೆ ಮೂರು ಗೆರೆಯಂತೆ ಅಳೆದು ವಹಿಯಲ್ಲಿ ಬರೆಯುತ್ತೇನೆ. ನಡು ಸವೆದಿದ್ದರೆ ಗಾಳಿ ಹೆಚ್ಚಾಗಿದೆ, ಎರಡೂ ಅಂಚು ಸವೆದಿದ್ದರೆ ಕಡಿಮೆಯಾಗಿದೆ. ಅಲ್ಲಲ್ಲಿ ಕುಳಿ ಬಿದ್ದಿದ್ದರೆ ಬೇರಿಂಗ್, ಪಾಟಾ (ಸ್ಪ್ರಿಂಗ್ ಪಟ್ಟಿ) ನೋಡಿಸುತ್ತೇನೆ. ಹಿಂದೆ ಪಕ್ಕಪಕ್ಕ ಕೂತ ಜೋಡಿ ಟಯರ್‌ಗಳ ಆಳದಲ್ಲಿ 3 ಮಿ.ಮೀ. ವ್ಯತ್ಯಾಸ ಬಂದರೆ, ಸರಿಸಮ ಆಳದವು ಒಟ್ಟಿಗೆ ಬರುವಂತೆ ಜೋಡಿ ಬದಲಿಸುತ್ತೇನೆ. ದೊಡ್ಡದು ಭಾರ ಹೊರುತ್ತದೆ, ಸವೆದದ್ದು ರಸ್ತೆಗೆ ಉಜ್ಜಿಕೊಂಡು ಇನ್ನಷ್ಟು ಸವೆಯುತ್ತದೆ. ಮುಂದಿನ ಟಯರ್ ಹೊಸದಿದ್ದಾಗ 15 ಇತ್ತು, 40,000 ಕಿ.ಮೀ.ಗೆ 10ಕ್ಕೆ ಬಂತು. ಅಂದರೆ ಮಿಲಿಮೀಟರಿಗೆ 8,000. ಮುಂದಿನ ಟಯರಿಗೆ ದುಡ್ಡು ಯಾವಾಗ ಹೊಂದಿಸಬೇಕೆಂದು ಈ ಲೆಕ್ಕದಿಂದಲೇ ಗೊತ್ತಾಗುತ್ತದೆ.

ಕಾನೂನಿನ ಮಿತಿ 1.6 ಮಿ.ಮೀ. ನಾನು 4ಕ್ಕೆ ಬಂದಾಗಲೇ ಟಯರ್ ಬಿಚ್ಚಿ ಇಳಿಸುತ್ತೇನೆ. ಬೋಳಾಗುವವರೆಗೆ ಓಡಿಸಿದರೆ ಕಲ್ಲು ಒಳಗಿನ ತಂತಿಯವರೆಗೆ ಕೊರೆಯುತ್ತದೆ, ನೀರಿಳಿದು ತುಕ್ಕು ಹಿಡಿಯುತ್ತದೆ. ಆಮೇಲೆ ಹಳೆ ಟಯರಿಗೆ ಹೊಸ ರಬ್ಬರ್ ಪದರ ಹಾಕುವ ರೀಸೋಲಿಂಗ್‌ನವರು ಆ ಟಯರನ್ನು ಮುಟ್ಟುವುದಿಲ್ಲ.

ಆದರೆ ಗೇಜ್ ಇದೆ ಎಂದು ನಾನು ಮೈಮರೆತದ್ದೂ ಉಂಟು. ಹೋದ ವರ್ಷ ಗೋವಿನಜೋಳ ತುಂಬಿಕೊಂಡು ಬರುವಾಗ ತಡಸದ ಹತ್ತಿರ ಹಿಂದಿನ ಜೋಡಿಯಲ್ಲಿ ಒಳಬದಿಯ ಟಯರ್ ಸಿಡಿಯಿತು. ಹಿಂದಿನ ವಾರವಷ್ಟೇ 9 ಮಿ.ಮೀ. ಎಂದು ಬರೆದಿದ್ದೆ. ಅದಕ್ಕೆ ಮೊಳೆ ಚುಚ್ಚಿ, ಗಾಳಿ ಇಳಿದಿದ್ದು ಗೊತ್ತಾಗದೆ ಬಹಳ ದೂರ ಓಡಿತ್ತು. ದಾರಿಯಲ್ಲೊಂದು ಕಡೆ ಪಂಕ್ಚರ್ ಹಾಕಿ ಗಾಳಿ ತುಂಬಿ ಕಳಿಸಿದ್ದರು, ಒಳಗೆ ಯಾರೂ ನೋಡಿರಲಿಲ್ಲ. ಹುಬ್ಬಳ್ಳಿಯಲ್ಲಿ ನಾವು ಯಾವಾಗಲೂ ಹೋಗುವ ಪಂಕ್ಚರ್ ಅಂಗಡಿಯ ಚಾಚಾ ಒಳಬದಿಗೆ ಬೆರಳು ಹಾಕಿ ಕರಿ ರಬ್ಬರ್ ಪುಡಿ ತೋರಿಸಿದರು. "ಗಾಳಿ ಇಲ್ಲದ ಓಡೇತ್ರಿ ಇದು. ಒಳಗ ಸುಟ್ಟಿದ್ದು ನಿಮ್ಮ ಸೂಜಿಗೆ ಹೆಂಗ ತಿಳೀತೈತಿ?" ಡ್ರೈವರಿಗೆ ಏನೂ ಆಗಲಿಲ್ಲ, ಅದೇ ದೊಡ್ಡದು. ಆವತ್ತಿನಿಂದ ಗಾಳಿ ಇಳಿದು ಓಡಿದ ಟಯರನ್ನು ರಿಮ್ಮಿನಿಂದ ಬಿಚ್ಚಿಸಿ ಒಳಗೆ ನೋಡದೆ ಹಾಕಿಸುವುದಿಲ್ಲ. ಪಕ್ಕದ ಗೋಡೆಯಲ್ಲಿ ಗುಳ್ಳೆ ಎದ್ದಿದ್ದರೆ ಒಳಗಿನ ತಂತಿ ಕಡಿದಿದೆ ಎಂದೇ ಅರ್ಥ. ಗೆರೆ 12 ಇದ್ದರೂ ಆ ಟಯರನ್ನು ಇಳಿಸಲೇಬೇಕು.

ಬಳಸುವಾಗ ಎರಡು ಎಚ್ಚರ. ಗೆರೆಯೊಳಗೆ ಅಡ್ಡಲಾಗಿ ಸಣ್ಣ ಉಬ್ಬುಗಳಿರುತ್ತವೆ, ಸವೆತದ ಗುರುತು ಅವು. ಸೂಜಿ ಅದರ ಮೇಲೆ ಕೂತರೆ ಅಳತೆ ಕಡಿಮೆ ಬರುತ್ತದೆ. ನವಲಗುಂದ, ಅಣ್ಣಿಗೇರಿ ಕಡೆ ಹೋಗಿ ಬಂದರೆ ಎರೆಮಣ್ಣು ಗೆರೆಯ ತಳದಲ್ಲಿ ಕಲ್ಲಿನಂತೆ ಕೂತಿರುತ್ತದೆ. ಸ್ಕ್ರೂಡ್ರೈವರಿನಿಂದ ಕೆದರಿಯೇ ಅಳೆಯಿರಿ.

ಮೂರು ವರ್ಷದಲ್ಲಿ ಗೇಜಿನ ಅಂಕಿಗಳು ಅರ್ಧ ಮಾಸಿವೆ, ಸೂಜಿ ಮಾತ್ರ ನೇರವಾಗಿದೆ. ಗಾಜಿನ ಮೇಲೆ ಒತ್ತಿದರೆ ಇವತ್ತಿಗೂ ಸೊನ್ನೆ ತೋರಿಸುತ್ತದೆ. ಕೊಳ್ಳುವವರು ಅಂಗಡಿಯಲ್ಲೇ ಹೀಗೆ ಒತ್ತಿ ನೋಡಿ, ಅಂಕಿ ಕೊರೆದದ್ದನ್ನು ಆರಿಸಿ. ಬಣ್ಣದಲ್ಲಿ ಅಚ್ಚು ಹಾಕಿದ್ದು ಬೇಡ.