ನಾರಿನ ಯೂನಿಟ್ ಹಾಕೋರಿಗೆ: ಉದ್ಯಮ್ ನೋಂದಣಿ ಸುಲಭ, ಸಬ್ಸಿಡಿ ಸಾಲಕ್ಕೆ ಮಾತ್ರ ಗಟ್ಟಿಯಾಗಿ ನಿಲ್ಲಬೇಕು

ತಿಪಟೂರು, ಅರಸೀಕೆರೆ, ಹೊಸದುರ್ಗದ ಕಡೆ ತೆಂಗಿನ ನಾರಿನ ಯೂನಿಟ್ ಹಾಕುವ ಯೋಚನೆಯಲ್ಲಿ ತುಂಬಾ ಜನ ಇದ್ದಾರೆ. ಕಾಯಿ ಸುಲಿದ ಮಟ್ಟೆಯನ್ನು ನೀರೊಲೆಗೆ ಹಾಕಿ ಸುಡುವ ಊರುಗಳಲ್ಲಿ ಇಂಥ ಯೂನಿಟ್ ಬರಲೇಬೇಕು. ನಾನು ಹೆಣ್ಣುಮಗಳಾಗಿ ಹಳ್ಳಿಯಲ್ಲಿ ಒಂದು ಸಣ್ಣ ಯೂನಿಟ್ ಶುರುಮಾಡಿದ್ದೇನೆ. ಆ ದಾರಿಯಲ್ಲಿ ಸಿಕ್ಕ ಸರ್ಕಾರಿ ಸೇವೆಗಳು ಹೇಗಿವೆ ಅಂತ ಬರೆಯುತ್ತಿದ್ದೇನೆ.

ಮೊದಲು ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮಗಳು ಕೇಂದ್ರ ಸರ್ಕಾರದ ಪೋರ್ಟಲ್‌ನಲ್ಲಿ ಮಾಡಿಸುವ ನೋಂದಣಿ. 2020ರ ಜುಲೈ 1ರಿಂದ ಹಳೆಯ ಉದ್ಯೋಗ್ ಆಧಾರ್ ಜಾಗಕ್ಕೆ ಬಂದಿರುವುದು ಇದೇ. ಇದಕ್ಕೆ ಫುಲ್ ಮಾರ್ಕ್ಸ್. ಆಧಾರ್, ಪ್ಯಾನ್, ಬ್ಯಾಂಕ್ ಖಾತೆ ವಿವರ, ಆಧಾರ್‌ಗೆ ಜೋಡಿಸಿದ ಮೊಬೈಲ್ ಕೈಯಲ್ಲಿದ್ದರೆ ಸಾಕು, ಯಾವ ಕಾಗದವನ್ನೂ ಅಪ್‌ಲೋಡ್ ಮಾಡುವ ಗೋಜಿಲ್ಲ, ಒಂದು ಪೈಸೆ ಫೀಸೂ ಇಲ್ಲ. ಫೀಸ್ ವಿಷಯ ಒತ್ತಿ ಹೇಳಲು ಕಾರಣ ಇದೆ. ಗೂಗಲ್‌ನಲ್ಲಿ ಹುಡುಕಿದರೆ ಸರ್ಕಾರದ್ದೇ ಅನ್ನಿಸುವ ಖಾಸಗಿ ವೆಬ್‌ಸೈಟ್‌ಗಳು ಮೇಲೆ ಬರುತ್ತವೆ, ದುಡ್ಡು ಕೇಳುತ್ತವೆ. ವಿಳಾಸದ ಕೊನೆಯಲ್ಲಿ ಜಿಒವಿ ಡಾಟ್ ಇನ್ ಇದೆಯಾ ನೋಡಿಕೊಳ್ಳಿ, ಇಲ್ಲದಿದ್ದರೆ ಮುಚ್ಚಿಬಿಡಿ.

ಫಾರ್ಮ್‌ನಲ್ಲಿ ತಲೆಕೆಡಿಸುವುದು ಎನ್‌ಐಸಿ ಕೋಡ್ ಒಂದೇ, ಅಂದರೆ ನಾವು ಮಾಡುವ ಕೆಲಸ ಯಾವುದು ಅಂತ ಗುರುತಿಸುವ ಸಂಖ್ಯೆ. ಮಟ್ಟೆಯಿಂದ ನಾರು ತೆಗೆಯುವುದು ಒಂದು ಕೆಲಸ, ಹಗ್ಗ ಹೊಸೆಯುವುದು ಇನ್ನೊಂದು, ಕಾಲೊರೆಸುವ ಮ್ಯಾಟ್ ಮಾಡುವುದು ಮತ್ತೊಂದು. ಒಂದಕ್ಕಿಂತ ಹೆಚ್ಚು ಕೋಡ್ ಸೇರಿಸಬಹುದು. ಆದರೆ ಬ್ಯಾಂಕಿಗೆ ಕೊಡುವ ಪ್ರಾಜೆಕ್ಟ್ ರಿಪೋರ್ಟ್‌ನಲ್ಲಿ ಏನಿದೆಯೋ ಅದೇ ಇಲ್ಲೂ ಇರಲಿ, ಸೈಬರ್ ಸೆಂಟರ್‌ನವರು ಸುಮ್ನೆ ಯಾವುದೋ ಒಂದನ್ನು ಒತ್ತದಂತೆ ಪಕ್ಕದಲ್ಲೇ ಕೂತು ನೋಡಿ.

ಇನ್ನು ಪಿಎಂಇಜಿಪಿ, ಅಂದರೆ ಹೊಸ ಸಣ್ಣ ಉದ್ಯಮಕ್ಕೆ ಸಬ್ಸಿಡಿ ಸಾಲ ಕೊಡುವ ಕೇಂದ್ರದ ಯೋಜನೆ. ಕಾಯರ್ ಉದ್ಯಮಿ ಯೋಜನೆ ಅಂತ ಮೊದಲು ನಾರಿಗೇ ಬೇರೆ ಇತ್ತು, ಅದನ್ನು ಇದರೊಳಗೆ ಸೇರಿಸಿದ್ದಾರೆ. ಅರ್ಜಿ ಆನ್‌ಲೈನ್. ಅದರಲ್ಲಿ ಏಜೆನ್ಸಿ ಅಂತ ಜಿಲ್ಲಾ ಕೈಗಾರಿಕಾ ಕೇಂದ್ರ, ಖಾದಿ ಮಂಡಳಿ ಜೊತೆಗೆ ತೆಂಗಿನ ನಾರಿನ ಉದ್ಯಮಕ್ಕೇ ಇರುವ ಕೇಂದ್ರದ ಕಾಯರ್ ಬೋರ್ಡನ್ನೂ ಆರಿಸಬಹುದು. ನಾರಿನ ಕೆಲಸಕ್ಕೆ ಕಾಯರ್ ಬೋರ್ಡೇ ಮೇಲು, ಮೆಷಿನ್ ವಿಷಯ ಅವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಲೆಕ್ಕ ಹೀಗಿದೆ. ಹಳ್ಳಿಯಲ್ಲಿ ಹೆಣ್ಣುಮಕ್ಕಳಿಗೆ, ಎಸ್‌ಸಿ, ಎಸ್‌ಟಿ, ಒಬಿಸಿ, ಅಲ್ಪಸಂಖ್ಯಾತರು ಮುಂತಾದವರಿಗೆ 35% ಸಬ್ಸಿಡಿ. ಉಳಿದವರಿಗೆ ಹಳ್ಳಿಯಲ್ಲಿ 25%. 10 ಲಕ್ಷದ ಪ್ರಾಜೆಕ್ಟ್ ಅಂದುಕೊಳ್ಳಿ, ನನ್ನಂಥವರು ಕೈಯಿಂದ 50 ಸಾವಿರ ಹಾಕಬೇಕು, ಬ್ಯಾಂಕ್ 9.5 ಲಕ್ಷ ಸಾಲ ಕೊಡುತ್ತದೆ, ಅದರಲ್ಲಿ 3.5 ಲಕ್ಷ ಸಬ್ಸಿಡಿ. ಆದರೆ ಆ 3.5 ಲಕ್ಷ ನಮ್ಮ ಕೈಗೆ ಬರುವುದಿಲ್ಲ. ಬ್ಯಾಂಕಿನಲ್ಲೇ 3 ವರ್ಷ ಠೇವಣಿಯಾಗಿ ಇರುತ್ತದೆ, ಅಷ್ಟು ಸಾಲಕ್ಕೆ ಬಡ್ಡಿ ಹಾಕುವುದಿಲ್ಲ. ಆಮೇಲೆ ಯೂನಿಟ್ ನಡೆಯುತ್ತಿದೆಯಾ ಅಂತ ಬಂದು ನೋಡಿ ಸಾಲಕ್ಕೆ ಜಮೆ ಮಾಡುತ್ತಾರೆ. ಜಮೀನಿನ ಬೆಲೆಯನ್ನು ಪ್ರಾಜೆಕ್ಟ್‌ನಲ್ಲಿ ಸೇರಿಸುವ ಹಾಗಿಲ್ಲ. ಆಗಲೇ ನಡೆಯುತ್ತಿರುವ ಯೂನಿಟ್‌ಗೂ ಇದು ಸಿಗುವುದಿಲ್ಲ, ಹೊಸದಕ್ಕೆ ಮಾತ್ರ.

ನನಗೆ ಸಿಟ್ಟು ಬಂದಿದ್ದು ಬ್ಯಾಂಕ್ ಮೆಟ್ಟಿಲಲ್ಲಿ. ಏಜೆನ್ಸಿಯಿಂದ ಅರ್ಜಿ ಪಾಸಾಗಿ ಹೋದ ಮೇಲೆ ಶಾಖೆಯವರು "ಪಹಣಿ ತನ್ನಿ, ಜಮೀನು ಅಡ ಇಡಿ" ಅಂದರು. 10 ಲಕ್ಷದವರೆಗಿನ ಸಣ್ಣ ಉದ್ಯಮದ ಸಾಲಕ್ಕೆ ಅಡಮಾನ ಕೇಳಬಾರದು ಅಂತ ರಿಸರ್ವ್ ಬ್ಯಾಂಕ್ ನಿಯಮವೇ ಇದೆ, ಅದಕ್ಕಿಂತ ಜಾಸ್ತಿಯಾದರೂ ಅಡಮಾನದ ಬದಲು ಬ್ಯಾಂಕಿಗೆ ಸಿಗುವ ಸಿಜಿಟಿಎಂಎಸ್‌ಇ ಅನ್ನುವ ಗ್ಯಾರಂಟಿ ಇದೆ. ಬಾಯಲ್ಲಿ ಹೇಳಿದರೆ ಯಾರೂ ಕೇಳಲಿಲ್ಲ. "ಅಡಮಾನ ಬೇಕು ಅನ್ನುವುದನ್ನು ಬರೆದು ಕೊಡಿ ಸಾರ್" ಅಂದ ಮೇಲೆ ಫೈಲ್ ಅಲುಗಾಡಿತು. ಸಾಲ ಕೊಡದಿದ್ದರೂ ಕಾರಣವನ್ನು ಬರೆದುಕೊಡಲು ಕೇಳಿ, ಅದನ್ನು ಹಿಡಿದು ಜಿಲ್ಲೆಯ ಬ್ಯಾಂಕುಗಳ ನಡುವೆ ಸಮನ್ವಯ ಮಾಡುವ ಲೀಡ್ ಬ್ಯಾಂಕ್ ಮ್ಯಾನೇಜರ್ ಹತ್ತಿರ ಹೋಗಬಹುದು.

ತರಬೇತಿಗೆ ಬೆಂಗಳೂರಿನ ಪೀಣ್ಯದಲ್ಲಿ ಕಾಯರ್ ಬೋರ್ಡ್‌ನದೇ ತಂತ್ರಜ್ಞಾನ ಸಂಸ್ಥೆ ಇದೆ. ಮೆಷಿನ್ ಕೊಳ್ಳುವ ಮೊದಲು ಅಲ್ಲಿಗೆ ಹೋಗಿ ಬನ್ನಿ, ಆಮೇಲಲ್ಲ. ನಮ್ಮ ಕಡೆ ಉಂಡೆ ಕೊಬ್ಬರಿಗೆ ಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದ ಮೇಲೆ ಇಡುತ್ತೇವೆ ಅಲ್ವಾ, ಆ ಮಟ್ಟೆ ಪೂರ್ತಿ ಒಣಗಿರುತ್ತದೆ. ಹಾಗೇ ಮೆಷಿನ್‌ಗೆ ಕೊಟ್ಟರೆ ನಾರು ತುಂಡುತುಂಡಾಗಿ ಬರುತ್ತದೆ, ಪುಡಿ ಮುಖಕ್ಕೆ ಹೊಡೆಯುತ್ತದೆ. ಚೆನ್ನಾಗಿ ನೆನೆಸಿ ಹಾಕಿದರೆ ನಾರು ಉದ್ದ ಬರುತ್ತದೆ, ರೇಟೂ ಏರುತ್ತದೆ. ಅದಕ್ಕೆ ತೊಟ್ಟಿ ಬೇಕು, ನೀರು ಬೇಕು. ಪ್ರಾಜೆಕ್ಟ್ ರಿಪೋರ್ಟ್ ಬರೆಯುವ ಮೊದಲೇ ಈ ಖರ್ಚು ಗೊತ್ತಿರಬೇಕು. ಕರೆಂಟಿನದೂ ಅಷ್ಟೇ, ಪಂಪ್‌ಸೆಟ್ ಲೈನ್ ನಂಬಿ ಕೂರಬೇಡಿ, ಯೂನಿಟ್‌ಗೆ ಅಂತಲೇ ತ್ರೀ ಫೇಸ್ ಕನೆಕ್ಷನ್ ತಗೊಳ್ಳಿ.

ಜಿಎಸ್‌ಟಿ ಬಗ್ಗೆ ಒಂದೇ ಮಾತು. ವರ್ಷದ ವಹಿವಾಟು 40 ಲಕ್ಷ ದಾಟದಿದ್ದರೆ ನೋಂದಣಿ ಬೇಡ ಅಂತಾರೆ, ಆದರೆ ನಾರನ್ನು ತಮಿಳುನಾಡಿನ ಪೊಳ್ಳಾಚಿಗೋ ಕೇರಳಕ್ಕೋ, ಅಂದರೆ ಹೊರ ರಾಜ್ಯಕ್ಕೆ, ಮಾರಿದ ದಿನವೇ ಅದು ಬೇಕೇ ಬೇಕು.

ಕೊನೆಯದಾಗಿ ಹಣ ವಸೂಲಿ. ಉದ್ಯಮ್ ನೋಂದಣಿಯ ನಿಜವಾದ ಲಾಭ ಇಲ್ಲಿದೆ, ಹೆಚ್ಚಿನವರಿಗೆ ಗೊತ್ತೇ ಇಲ್ಲ. ನಾರು ಕೊಂಡ ಹಾಸಿಗೆ ಫ್ಯಾಕ್ಟರಿಯವರು "ಮುಂದಿನ ತಿಂಗಳು" ಅಂತ ಎಳೆಯುತ್ತಿದ್ದರೆ, 2006ರ ಎಂಎಸ್‌ಎಂಇ (ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆ ಪ್ರಕಾರ ಹೆಚ್ಚೆಂದರೆ 45 ದಿನದೊಳಗೆ ಕೊಡಲೇಬೇಕು, ತಡವಾದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ ಸೇರಿಸಿ ಕೊಡಬೇಕು. ದೂರು ಕೊಡಲು ಎಂಎಸ್‌ಎಂಇ ಸಚಿವಾಲಯದ ಆನ್‌ಲೈನ್ ಪೋರ್ಟಲ್ ಇದೆ. ಲೋಡ್ ಕಳಿಸುವ ಪ್ರತಿ ಬಿಲ್ಲಿನ ಮೇಲೆ ಉದ್ಯಮ್ ನಂಬರ್ ಹಾಕಿಸಿ, ಮಾಲು ಮುಟ್ಟಿದ ದಿನಾಂಕಕ್ಕೆ ಅವರಿಂದ ಸಹಿ ತಗೊಳ್ಳಿ.